ಯಮನೂರಣ್ಣನ ಗಡ್ಡ

ಯಮನೂರಣ್ಣ ಕನ್ನಡಿ ನೋಡದೆ ಗಡ್ಡ ಹೆರೆದುಕೊಳ್ಳುತ್ತಿದ್ದ. ರಾಜಗೋಪಾಲನಗರದ ನಮ್ಮ ವಠಾರದಲ್ಲಿ ಮೆಟ್ಟಿಲ ಕೆಳಗೆ ಒಂದು ನಲ್ಲಿ, ಅದರ ಪಕ್ಕ ಬಟ್ಟೆ ಒಗೆಯುವ ಕಲ್ಲು. ಬೆಳಿಗ್ಗೆ ಐದೂವರೆಗೆ ಅವನು ಆ ಕಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ಕಣ್ಣು ಮುಚ್ಚಿಕೊಂಡು, ಎಡಗೈ ಬೆರಳುಗಳ ಹಿಂಬದಿಯಿಂದ ಕೆನ್ನೆ ಸವರುತ್ತ ಬಲಗೈಯಿಂದ ರೇಜರ್ ಎಳೆಯುತ್ತಿದ್ದ. ಬೆರಳು ಮುಂದೆ ಹೋಗಿ ದಾರಿ ನೋಡಿಕೊಂಡು ಬರುತ್ತಿತ್ತು, ಬ್ಲೇಡು ಹಿಂದಿನಿಂದ ಹೋಗುತ್ತಿತ್ತು. ನೀರಿಗೆ ನಿಂತ ಹೆಂಗಸರು ಬಿಂದಿಗೆ ಕುಟ್ಟಿ "ಬೇಗ ಏಳಪ್ಪಾ" ಅನ್ನುವಷ್ಟರಲ್ಲಿ ಮುಗಿದಿರುತ್ತಿತ್ತು. ಅವನ ಮುಖದಲ್ಲಿ ರಕ್ತದ ಒಂದು ಚುಕ್ಕೆ ಕಂಡದ್ದು ನನಗೆ ನೆನಪಿಲ್ಲ.

"ಒಂದು ಕನ್ನಡಿ ತಗೋಬಾರ್ದಾ ಅಣ್ಣ?" ಅಂತ ಕೇಳಿದ್ದೆ.

"ದಿನಾ ಎಂಟು ತಾಸು ಕನ್ನಡಿ ಮಾಡೋದ ನನ್ನ ಕೆಲಸ ಐತಲ್ಲೋ. ಆ ರಾಡಿನಾಗ ನನ್ನ ಮಾರಿ ಸೋರಿಕಾಯಿ ಹಂಗ ಉದ್ದಕ್ಕ ಕಾಣ್ತೈತಿ. ಅಲ್ಲಿ ನೋಡಿದ್ದು ಸಾಲ್ದು ಅಂತ ಮನ್ಯಾಗೂ ನೋಡ್ಲೇನು?"

ಪೀಣ್ಯದ ಒಂದು ಪ್ಲೇಟಿಂಗ್ ಕಾರ್ಖಾನೆಯಲ್ಲಿ ಅವನು ಕ್ರೋಮಿಯಂ ತೊಟ್ಟಿಯ ಆಪರೇಟರ್. ಮಂಕಾದ ಕಬ್ಬಿಣದ ರಾಡುಗಳು ಆ ತೊಟ್ಟಿಯೊಳಗೆ ಇಳಿದು, ಗಂಟೆಗಟ್ಟಲೆ ಬೆಂದು, ಕನ್ನಡಿಯಂತೆ ಹೊಳೆಯುತ್ತ ಮೇಲೆ ಬರುತ್ತಿದ್ದವು. ಕೊಪ್ಪಳದ ಕಡೆಯ ಹಳ್ಳಿಯಿಂದ ಬಂದ ಅವನಿಗೆ ಆಗ ಮೂವತ್ತು ವರ್ಷ, ನನಗೆ ಹತ್ತೊಂಬತ್ತು. ನನಗೆ ಗಡ್ಡ ಹೆರೆಯುವುದನ್ನು ಕಲಿಸಿದವನು ಅವನು. ನನ್ನ ಹಾಗೆ ಐಟಿಐ ಮುಗಿಸಿ ಬಂದ ಎಷ್ಟೋ ಹುಡುಗರಿಗೆ ಕಲಿಸಿದ.

ಈ ಮನುಷ್ಯ ಗಡ್ಡ ಹೆರೆಯದೆ ಇದ್ದದ್ದರಿಂದಲೇ ಕಾಯಿಲೆ ಬಿದ್ದ ಎಂದು ಒಂದು ವರದಿಯಲ್ಲಿ ಬರೆದಿದ್ದಾರೆ. ಅದರ ಜೊತೆಗಿರುವ ಹೇಳಿಕೆಯ ಕೆಳಗೆ, ಸಾಕ್ಷಿಯ ಜಾಗದಲ್ಲಿ, ನನ್ನ ಸಹಿ ಇದೆ. ಅವನು ಹೋಗಿ ವರ್ಷಗಳಾದವು. ಅವನನ್ನು ನೆನೆದರೆ ನನಗೆ ಅಳು ಬರುವುದಿಲ್ಲ. ಮೊದಲು ಹಲ್ಲು ಕಚ್ಚಿಕೊಳ್ಳುತ್ತವೆ.

ಗಡ್ಡಕ್ಕೂ ಕಾರ್ಖಾನೆಗೂ ಏನು ಸಂಬಂಧ ಎಂದು ಮೊದಲು ಹೇಳಬೇಕು. ಕ್ರೋಮಿಯಂ ತೊಟ್ಟಿಯಿಂದ ಹಳದಿ ಬಣ್ಣದ ಹಬೆ ಏಳುತ್ತದೆ. ಅದು ಆಮ್ಲ. ಅದನ್ನು ಉಸಿರಾಡಬಾರದು. ಹಾಗಾಗಿ ತೊಟ್ಟಿಯ ಹತ್ತಿರ ಕೆಲಸ ಮಾಡುವವರು ಮೂಗು ಬಾಯಿ ಮುಚ್ಚುವ ರಬ್ಬರ್ ಮಾಸ್ಕ್ ಹಾಕಬೇಕು. ಮಾಸ್ಕಿನ ಎರಡು ಕೆನ್ನೆಗೆ ಎರಡು ದುಂಡನೆಯ ಡಬ್ಬಿಗಳಿರುತ್ತವೆ. ಹಬೆಯಲ್ಲಿನ ವಿಷವನ್ನು ಹಿಡಿದುಕೊಳ್ಳುವುದು ಆ ಡಬ್ಬಿ. ರಬ್ಬರಿನ ಅಂಚು ಚರ್ಮಕ್ಕೆ ಕಚ್ಚಿಕೊಂಡು ಕೂತರೆ ಮಾತ್ರ ಗಾಳಿ ಡಬ್ಬಿಯ ಮೂಲಕ ಬರುತ್ತದೆ. ನಡುವೆ ಗಡ್ಡದ ಕೂದಲಿದ್ದರೆ ಅಂಚಿನ ಸಂದಿಯಿಂದ ಹಬೆ ಒಳಗೆ ನುಗ್ಗುತ್ತದೆ. ಆದ್ದರಿಂದ ದಿನವೂ ಗಡ್ಡ ತೆಗೆದಿರಬೇಕು ಅನ್ನುವುದು ನಿಯಮ. ನಿಯಮ ಸರಿಯಾದದ್ದೇ. ಅದರ ಬಗ್ಗೆ ನನಗೆ ತಕರಾರಿಲ್ಲ.

ಆ ನಿಯಮ ಪಾಲಿಸುವಂತೆ ಮಾಡಲು ಗೇಟಿನಲ್ಲಿ ಒಬ್ಬರು ನಿಲ್ಲುತ್ತಿದ್ದರು. ಅವರನ್ನು ನಾವೆಲ್ಲ ಸೇಫ್ಟಿ ಸಾರ್ ಎನ್ನುತ್ತಿದ್ದೆವು. ಕೊರಳಲ್ಲಿ ನೇತಾಡುವ ತಮ್ಮ ಐಡಿ ಕಾರ್ಡನ್ನು ಕೈಗೆ ತೆಗೆದುಕೊಂಡು, ಅದರ ಅಂಚಿನಿಂದ ನಮ್ಮ ಗಂಟಲಿನಿಂದ ದವಡೆಯವರೆಗೆ ಒಮ್ಮೆ ಮೇಲಕ್ಕೆ ಎಳೆಯುತ್ತಿದ್ದರು. ಚರ್ ಎಂದು ಸದ್ದು ಬಂದರೆ ಅವತ್ತು ಕೆಲಸವಿಲ್ಲ. ಸಂತೆಯಲ್ಲಿ ದನದ ಹಲ್ಲು ನೋಡುವವರು ಕೂಡ ಮೊದಲು ಒಮ್ಮೆ ಅದರ ಬೆನ್ನು ಸವರುತ್ತಾರೆ. ಇವರು ನಮ್ಮ ಮುಖ ನೋಡುತ್ತಿರಲಿಲ್ಲ, ಸದ್ದಿಗೆ ಕಿವಿ ಕೊಡುತ್ತಿದ್ದರು.

ನಾನು ಸೇರಿದ ಮೊದಲನೇ ದಿನವೇ ಸದ್ದು ಬಂತು, ವಾಪಸ್ ಕಳಿಸಿದರು. ಮಧುಗಿರಿ ಕಡೆಯ ನಮ್ಮೂರಿನಲ್ಲಿ ಗಂಡಸರು ತಮ್ಮ ಗಡ್ಡವನ್ನು ತಾವು ಮುಟ್ಟುತ್ತಿರಲಿಲ್ಲ. ಎಂಟು ದಿನಕ್ಕೊಮ್ಮೆ ಕ್ಷೌರದವರು ಮನೆಯ ಜಗಲಿಗೆ ಬರುತ್ತಿದ್ದರು, ಅಪ್ಪ ಅವರ ಮುಂದೆ ಕೂತು ಕತ್ತು ಎತ್ತುತ್ತಿದ್ದ. ನಮ್ಮ ಮನೆಯಲ್ಲಿ ರೇಜರ್ ಎಂಬ ವಸ್ತುವೇ ಇರಲಿಲ್ಲ. ಗೇಟಿನಿಂದ ಹೊರಬಿದ್ದವನು ಪೆಟ್ಟಿಗೆ ಅಂಗಡಿಯಲ್ಲಿ ಒಂದು ರೇಜರ್ ಕೊಂಡೆ. ಮಾರನೇ ಬೆಳಿಗ್ಗೆ ಬರೀ ತಣ್ಣೀರು ಹಚ್ಚಿಕೊಂಡು, ಸೇಫ್ಟಿ ಸಾರ್ ಕಾರ್ಡು ಎಳೆದ ಹಾಗೆಯೇ ಕೆಳಗಿನಿಂದ ಮೇಲಕ್ಕೆ ಎಳೆದೆ. ಗೇಟಿನಲ್ಲಿ ಸದ್ದು ಬರಲಿಲ್ಲ. ಒಳಗೆ ಹೋಗಿ ಮಾಸ್ಕ್ ಬಿಗಿದುಕೊಂಡ ಹತ್ತು ನಿಮಿಷಕ್ಕೆ, ಹಸಿ ಗಾಯಕ್ಕೆ ಮೆಣಸಿನಪುಡಿ ತಿಕ್ಕಿದ ಹಾಗೆ ಗಂಟಲು ಉರಿಯತೊಡಗಿತು.

ತೊಟ್ಟಿಯ ಆಚೆ ಬದಿಯಿಂದ ಒಬ್ಬ ಬಂದು ನನ್ನ ರೆಟ್ಟೆ ಹಿಡಿದು ನಲ್ಲಿಯ ಹತ್ತಿರ ಎಳೆದುಕೊಂಡು ಹೋದ. ಮಾಸ್ಕ್ ಬಿಚ್ಚಿಸಿ, ಕತ್ತಿಗೆ ನೀರು ಬಿಡುತ್ತ ಕೇಳಿದ.

"ಯಾರು ಮಾಡಿದ್ರು ಇದನ್ನ?"

"ನಾನೇ ಕಣಣ್ಣ."

"ನಮ್ಮೂರಾಗ ಕುರಿ ಉಣ್ಣಿ ಕತ್ತರಿಸೋರು ಇದಕ್ಕಿಂತ ಚಲೋ ಕತ್ತರಿಸ್ತಾರ. ಕುರಿ ಒದೀತೈತಿ ಅಂತ ಅಂಜಿಕಿ ಇರ್ತೈತಿ ಅವ್ರಿಗೆ. ನಿನಗ ಆ ಅಂಜಿಕೀನೂ ಇಲ್ಲ. ಎಲ್ಲಿ ಇರ್ತಿ?"

ನಾನು ವಠಾರದ ಹೆಸರು ಹೇಳಿದೆ. ಅವನೇ ಯಮನೂರಣ್ಣ, ಅದೇ ವಠಾರದ ಕೆಳಗಿನ ಮನೆ ಅವನದು. ಅಲ್ಲಿ ಅವನೂ ಅವನ ಹೆಂಡತಿ ಹನುಮವ್ವಕ್ಕನೂ ಇದ್ದರು. ಸಂಜೆ ಆ ಒಗೆಯುವ ಕಲ್ಲಿನ ಮೇಲೆ ನನ್ನನ್ನು ಕೂರಿಸಿದ. ಹನುಮವ್ವಕ್ಕ ಒಂದು ಚೆಂಬು ಬಿಸಿನೀರು ತಂದು ಇಟ್ಟಳು. ಆದರೆ ಅವನು ರೇಜರ್ ಕೊಡಲಿಲ್ಲ.

"ಮೊದಲ ಮುಟ್ಟು. ಬೆರಳಿನ ಹಿಂದಿನ ಮೈಯಿಂದ. ಯಾವ ಕಡೆ ಮೆತ್ತಗ ಹೋಗ್ತೈತಿ, ಯಾವ ಕಡೆ ಚುಚ್ತೈತಿ, ನೋಡು. ಮೆತ್ತಗ ಹೋಗೋ ಕಡೇನ ಬ್ಲೇಡು ಹೋಗ್ಬೇಕು. ಕೆನ್ನಿಯಾಗ ಕೆಳಮುಖ. ಗಂಟಲದಾಗ ಒಂದೊಬ್ಬರದು ಒಂದೊಂದು ಥರ. ನಿಂದು ಸುಳಿ ಐತಿ ನೋಡಿಲ್ಲಿ, ಎತ್ತಿನ ಹಣಿ ಮ್ಯಾಗಿನ ಸುಳಿ ಇದ್ದಂಗ."

ಆವತ್ತು ಬರೀ ಸವರಿಕೊಳ್ಳುವುದೇ ಆಯಿತು. ಮಾರನೇ ದಿನ ಬಿಸಿನೀರಿನ ಬಟ್ಟೆಯನ್ನು ಮುಖಕ್ಕೆ ಇಟ್ಟುಕೊಂಡು ನೂರು ಎಣಿಸುವುದು. ಆಮೇಲೆ ಮೈಸೋಪಿನ ನೊರೆ. ನಾಲಿಗೆಯಿಂದ ಒಳಗಿನಿಂದ ಕೆನ್ನೆ ಉಬ್ಬಿಸುವುದು. ಒತ್ತದೆ, ರೇಜರಿನ ಭಾರದಲ್ಲೇ ಎಳೆಯುವುದು. ಎರಡು ಎಳೆತಕ್ಕೊಮ್ಮೆ ತೊಳೆಯುವುದು. ಕೊನೆಗೆ ಕ್ಷೌರದ ಅಂಗಡಿಯಲ್ಲಿ ಉಜ್ಜುವ ಪಟಿಕದ ಕಲ್ಲು. ಮೂರನೇ ದಿನ ಅವನು ನನ್ನ ಕಣ್ಣಿಗೆ ಟವೆಲ್ ಕಟ್ಟಿ "ಈಗ ತೆಗಿ" ಅಂದ.

"ಕುಯ್ಕೊಂಡ್ರೆ?"

"ಕೊಯ್ಕೊಂಡ್ರ ನಾ ಅದೀನಿ. ನಸುಕಿನ ಐದಕ್ಕ ಕರೆಂಟು ಹೋದ್ರ ನಿನ್ನ ಕನ್ನಡಿ ಏನ್ ಮಾಡ್ತೈತಿ? ಕೈ ಕಲೀಬೇಕು."

ಕೊಯ್ದುಕೊಳ್ಳಲಿಲ್ಲ. ಮುಗಿದ ಮೇಲೆ ಅವನು ತನ್ನ ಮಾಸ್ಕ್ ತಂದು ನನಗೆ ಹಾಕಿಸಿದ. ಎರಡು ಡಬ್ಬಿಗಳ ಬಾಯನ್ನು ಅಂಗೈಯಿಂದ ಮುಚ್ಚಿ ಉಸಿರು ಎಳೆ ಅಂದ. ಎಳೆದೆ. ರಬ್ಬರು ನನ್ನ ಮುಖಕ್ಕೆ ಹೀರಿಕೊಂಡು ಕೂತಿತು, ಉಸಿರು ಬರಲಿಲ್ಲ. ನನ್ನ ಕಣ್ಣು ಅಗಲವಾದದ್ದನ್ನು ನೋಡಿ ಅವನು ಕೈಬಿಟ್ಟು ನಕ್ಕ.

"ಹಾಂ. ಈಗ ನಿಂದು ಮಾರಿ ಆತು."

ಅದು ಸುದ್ದಿಯಾಗಿ ಭಾನುವಾರಗಳಂದು ಆ ಕಲ್ಲಿನ ಸುತ್ತ ಹುಡುಗರು ಸೇರತೊಡಗಿದರು. ಬಳ್ಳಾರಿಯವರು, ರಾಯಚೂರಿನವರು, ಕೋಲಾರದವರು. ಎಲ್ಲರ ಮನೆಯ ಕಥೆಯೂ ನನ್ನಂಥದ್ದೇ. ಅಪ್ಪಂದಿರಿಗೆ ರೇಜರ್ ಹಿಡಿದು ಗೊತ್ತಿಲ್ಲ, ಮೇಲೆ ಮಂಗಳವಾರ ಮುಟ್ಟಬಾರದು, ಶುಕ್ರವಾರ ಮುಟ್ಟಬಾರದು, ಅಮಾವಾಸ್ಯೆ ಮುಟ್ಟಬಾರದು. ಒಬ್ಬ ಹುಡುಗ ಮಂಗಳವಾರ ಹೆರೆಯುವುದಿಲ್ಲ, ಮನೆಯಲ್ಲಿ ಅಮ್ಮನ ಆಣೆಯಾಗಿದೆ ಎಂದು ಹಟ ಹಿಡಿದ.

"ಆತಪಾ," ಅಂದ ಯಮನೂರಣ್ಣ. "ತೊಟ್ಟಿಗೂ ಒಂದು ಮಾತು ಹೇಳಿ ಬಾ, ಇವತ್ತು ಮಂಗಳವಾರ, ಹಬಿ ಬಿಡಬ್ಯಾಡ ಅಂತ. ಅದು ಹೂಂ ಅಂದ್ರ ನೀ ಹೆರಿಯೋದು ಬ್ಯಾಡ."

ಎಲ್ಲರೂ ನಕ್ಕರು, ಆ ಹುಡುಗನೂ ನಕ್ಕ. ಬುಧವಾರದ ಹೊತ್ತಿಗೆ ಅವನ ಕೆನ್ನೆ ನುಣ್ಣಗಿತ್ತು.

ಗೇಟಿನಲ್ಲಿ ವಾಪಸ್ ಹೋಗುವವರು ಕಡಿಮೆಯಾದದ್ದನ್ನು ಸೇಫ್ಟಿ ಸಾರ್ ಗಮನಿಸಿದರು. ನನ್ನ ಅಕ್ಷರ ದುಂಡಗಿದೆ ಎಂದು ಅವರು ನನ್ನನ್ನು ಕರೆದು ಒಂದು ರಿಜಿಸ್ಟರ್ ಕೊಟ್ಟರು. "ಯಮನೂರಪ್ಪ ಯಾರ‍್ಯಾರಿಗೆ ಹೇಳಿಕೊಟ್ಟಿದ್ದಾನೋ ಅವರ ಹೆಸರೆಲ್ಲ ಬರಿ. ಆಡಿಟ್‌ಗೆ ತೋರಿಸೋಣ. ಅವನಿಗೂ ಒಳ್ಳೇದೇ ಅಲ್ವಾ?" ನಾನು ಸಂಭ್ರಮದಿಂದ ಬರೆದೆ. ಪುಟದ ತಲೆಗೆ "ಮಾಸ್ಕ್ ಧರಿಸುವ ಮುನ್ನ ಗಡ್ಡ ತೆಗೆಯುವ ತರಬೇತಿ" ಎಂದು. ಕೆಳಗೆ "ತರಬೇತಿ ನೀಡಿದವರು: ಯಮನೂರಪ್ಪ" ಎಂದು, ಎರಡು ಗೆರೆ ಎಳೆದು. ಅವನಿಗೆ ತೋರಿಸಿದಾಗ ತನ್ನ ಹೆಸರನ್ನು ಬೆರಳಿಟ್ಟು ನಿಧಾನಕ್ಕೆ ಓದಿದ. "ಮಾಸ್ತರ ಆದೆ ನೋಡು," ಅಂದು ಹನುಮವ್ವಕ್ಕನನ್ನು ಕರೆದು ತೋರಿಸಿದ.

ಇನ್ನು ಡಬ್ಬಿಯ ವಿಷಯ. ಆ ಡಬ್ಬಿಗಳು ವರ್ಷಗಟ್ಟಲೆ ಬರುವುದಿಲ್ಲ. ಕೆಲವು ವಾರಗಳಲ್ಲಿ ಅವುಗಳ ಹೊಟ್ಟೆ ತುಂಬುತ್ತದೆ, ಆಮೇಲೆ ಹಾಕಿಕೊಂಡರೂ ಒಂದೇ ಬಿಟ್ಟರೂ ಒಂದೇ. ಹಾಗೆಂದು ಡಬ್ಬಿಯ ಮೇಲೆಯೇ ಅಚ್ಚು ಹಾಕಿರುತ್ತಾರೆ. ನಮಗೆ ಸೇರಿದಾಗ ಕೊಟ್ಟ ಡಬ್ಬಿಯೇ ವರ್ಷ ಕಳೆದರೂ ಮಾಸ್ಕಿನಲ್ಲಿತ್ತು. ಹೊರದೇಶದ ಗಿರಾಕಿಗಳು ಕಾರ್ಖಾನೆ ನೋಡಲು ಬರುವ ದಿನ ಬೆಳಿಗ್ಗೆ ಹೊಸ ಡಬ್ಬಿಗಳನ್ನು ಹಂಚುತ್ತಿದ್ದರು. ಅವತ್ತು ಉಸಿರು ಎಷ್ಟು ತಣ್ಣಗಿರುತ್ತಿತ್ತು ಎಂದರೆ, ಉಳಿದ ದಿನ ನಾವು ಏನನ್ನು ಉಸಿರಾಡುತ್ತಿದ್ದೆವು ಎಂದು ಅವತ್ತೇ ಗೊತ್ತಾಗುತ್ತಿತ್ತು. ಸಂಜೆ ಅತಿಥಿಗಳ ಕಾರು ಗೇಟು ದಾಟಿದ ಮೇಲೆ ಒಂದು ಕ್ರೇಟು ಹಿಡಿದುಕೊಂಡು ಬಂದು ಹೊಸ ಡಬ್ಬಿಗಳನ್ನು ಎಣಿಸಿ ವಾಪಸ್ ತೆಗೆದುಕೊಂಡು ಹಳೆಯವನ್ನು ಕೊಡುತ್ತಿದ್ದರು.

ಒಂದು ಸಲ ಯಮನೂರಣ್ಣ ಕೊಡಲಿಲ್ಲ. ಡಬ್ಬಿಯನ್ನು ಎದೆಗೆ ಒತ್ತಿಕೊಂಡು ನಿಂತ.

"ಸಾರ್, ನಮ್ಮ ಗಡ್ಡ ದಿನಾ ನೋಡ್ತೀರಿ. ಡಬ್ಬಿ ಒಂದು ದಿನಾನೂ ನೋಡೂದಿಲ್ಲ. ನಮ್ಮ ಮಾರಿ ನುಣ್ಣಗ ಇದ್ರ ಏನ್ ಬಂತು, ಡಬ್ಬಿ ಸತ್ತಿದ್ರ?"

"ಸ್ಟಾಕ್ ಬರ್ಲಿ ಯಮನೂರಪ್ಪ, ಮೊದಲು ನಿಂಗೇ ಕೊಡ್ತೀನಿ," ಅಂದರು ಸೇಫ್ಟಿ ಸಾರ್. ಅವರ ದನಿ ಯಾವತ್ತೂ ಏರುತ್ತಿರಲಿಲ್ಲ. ಅವರು ಒಂದು ಸಲವಾದರೂ ಕೂಗಾಡಿದ್ದರೆ ನನಗೆ ಇಷ್ಟು ಸಿಟ್ಟು ಇರುತ್ತಿರಲಿಲ್ಲವೇನೋ. ಅಣ್ಣ ಡಬ್ಬಿ ಕೊಟ್ಟ.

ನಾನು ಸೇರಿದ ಮೂರನೇ ವರ್ಷ ಅವನ ಮೂಗಿನಿಂದ ರಕ್ತ ಬರತೊಡಗಿತು. ಆಮೇಲೆ ರಕ್ತ ನಿಂತು, ಉಸಿರಾಡಿದರೆ ಸಣ್ಣಗೆ ಸಿಳ್ಳೆಯ ಸದ್ದು. ವೈದ್ಯರು ಟಾರ್ಚು ಬಿಟ್ಟು ನೋಡಿ, ಎರಡು ಹೊಳ್ಳೆಗಳ ನಡುವಿನ ಗೋಡೆ ತೂತಾಗಿದೆ, ಆಮ್ಲದ ಹಬೆಯಲ್ಲಿ ಕೆಲಸ ಮಾಡುವವರಿಗೆ ಹೀಗಾಗುತ್ತದೆ ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಅವನು ಮನೆಗೆ ಬಂದು ಹನುಮವ್ವಕ್ಕನಿಗೆ ಹೇಳಿದ್ದು ಇಷ್ಟು.

"ಎತ್ತಿಗೆ ಮೂಗುದಾರ ಹಾಕಾಕ ತೂತು ಮಾಡ್ತಾರಲ್ಲ, ಕಂಪನಿಯವರು ನನಗ ಅದನ್ನ ಮಾಡಿ ಕೊಟ್ಟಾರ. ಹಗ್ಗ ಒಂದ ಬಾಕಿ."

ಹನುಮವ್ವಕ್ಕ ನಗಲಿಲ್ಲ. ನಾನು ನಕ್ಕೆ. ಆ ನಗುವಿಗಾಗಿಯೂ ಈಗ ನನಗೆ ನನ್ನ ಮೇಲೆ ಸಿಟ್ಟು ಬರುತ್ತದೆ. ಆ ಕಾಲಕ್ಕೆ ಅವನ ಮುಖದ ಮೇಲೆ ಒಂದು ದಿನದ ಗಡ್ಡವೂ ಇದ್ದದ್ದನ್ನು ಯಾರೂ ಕಂಡಿರಲಿಲ್ಲ. ಈ ಮಾತನ್ನು ಓದುವವರು ಮರೆಯಬಾರದು. ಮೂಗು ತೂತಾದದ್ದು ಮೊದಲು. ಗಡ್ಡ ಬಂದದ್ದು ಅದಾಗಿ ಎರಡು ವರ್ಷಕ್ಕೆ.

ಅವರಿಗೆ ಮದುವೆಯಾಗಿ ಎಂಟು ವರ್ಷ ಮಕ್ಕಳಿರಲಿಲ್ಲ. ಎರಡು ಸಲ ಬಸಿರು ನಿಂತು ಇಳಿದುಹೋಗಿತ್ತು. ಮೂರನೇ ಸಲ ಹನುಮವ್ವಕ್ಕ ಬಸುರಿಯಾದಾಗ ಊರಿನಿಂದ ಅವನ ತಾಯಿ ಬಂದಿಳಿದರು. ಹೆಂಡತಿ ಬಸುರಿಯಿದ್ದಾಗ ಗಂಡ ಕ್ಷೌರ ಮಾಡಿಸಬಾರದು, ಕೂದಲಿಗೂ ಗಡ್ಡಕ್ಕೂ ಕತ್ತಿ ತಾಕಬಾರದು. ಅವರ ಕಡೆ ಅದು ಕಟ್ಟುನಿಟ್ಟು. ಹಿಂದಿನ ಎರಡು ಸಲ ಮಗ ದಿನಾ ಹೆರೆದುಕೊಂಡು ಕೆಲಸಕ್ಕೆ ಹೋಗಿದ್ದೇ ಕಾರಣ ಎಂದು ಆ ಮುದುಕಿ ನಲ್ಲಿಯ ಹತ್ತಿರ, ನೀರಿಗೆ ಬಂದವರೆಲ್ಲರ ಮುಂದೆ ಹೇಳಿದರು. "ಎರಡನ್ನ ಬ್ಲೇಡಿನಾಗ ಕಳಕೊಂಡಿ. ಇದನ್ನೂ ಕಳಕೋತಿಯೇನು?"

ಮಂಗಳವಾರದ ಹುಡುಗನನ್ನು ನಗಿಸಿದ ಮನುಷ್ಯ ಅವತ್ತು ರೇಜರ್ ತೊಳೆದುಕೊಂಡು ಒಳಗೆ ಹೋದ. ಒಂದು ವಾರ ಅವನಿಗೆ ತಲೆ ಕೆಟ್ಟಂತಾಗಿತ್ತು. ನಾನು ಬಾಯಿ ತಡೆಯದೆ ಕೇಳಿದೆ, "ಅಣ್ಣ, ನೀನೇ ಇದನ್ನೆಲ್ಲ ನಂಬ್ತೀಯಾ?"

"ನಂಬೂದಿಲ್ಲೋ ತಮ್ಮಾ. ಆದ್ರ ಆಕಿ ನಂಬ್ತಾಳ. ರಾತ್ರಿ ಮಲಗಿದ್ರ ನನ್ನ ಗದ್ದ ಮುಟ್ಟಿ ನೋಡ್ತಾಳ. ಏನಾರ ಆತು ಅಂದ್ರ ಜೀವ ಇರೋತನಕ ಆಕಿ ನನ್ನ ಗದ್ದ ನೋಡ್ಕೋತನ ಇರ್ತಾಳ."

ಅವನು ಸೇಫ್ಟಿ ಸಾರ್ ಹತ್ತಿರ ಹೋದ. ನಾನು ಜೊತೆಯಲ್ಲಿದ್ದೆ. ಹೆರಿಗೆ ಆಗುವವರೆಗೆ ನನ್ನನ್ನು ಪ್ಯಾಕಿಂಗಿಗೆ ಹಾಕಿ ಎಂದು ಕೇಳಿದ. ಪ್ಯಾಕಿಂಗ್‌ನಲ್ಲಿ ಮಾಸ್ಕ್ ಬೇಡ, ಅಲ್ಲಿ ಗಡ್ಡ ಬಿಟ್ಟ ಇಬ್ಬರು ವರ್ಷಗಳಿಂದ ಕೆಲಸ ಮಾಡುತ್ತಿದ್ದರು. ಕಷ್ಟದ ಕೋರಿಕೆಯೇನಲ್ಲ. ಆದರೆ ತೊಟ್ಟಿಯ ಬಣ್ಣ ನೋಡಿಯೇ ಅದರ ಹದ ಹೇಳುವವನು ಇಡೀ ಕಾರ್ಖಾನೆಯಲ್ಲಿ ಅವನೊಬ್ಬನೇ.

"ನಿನ್ನನ್ನ ಅಲ್ಲಿಂದ ತೆಗೆದ್ರೆ ರಿಜೆಕ್ಷನ್ ಎಷ್ಟಾಗುತ್ತೆ ಗೊತ್ತಾ? ಗಡ್ಡ ಬಿಟ್ಕೊ ಪರವಾಗಿಲ್ಲ. ಗೇಟಲ್ಲಿ ನಿನ್ನ ಚೆಕ್ ಮಾಡಲ್ಲ. ಆಡಿಟ್ ದಿನ ಮಾತ್ರ ರಜ ಹಾಕು, ಆಯ್ತಾ?"

"ಮಾಸ್ಕು ಕುಂದ್ರಂಗಿಲ್ಲಲ್ಲ ಸಾರ್."

"ಬೆಲ್ಟ್ ಸ್ವಲ್ಪ ಬಿಗಿಯಾಗಿ ಎಳ್ಕೊ."

ಹೀಗೆ ಹೇಳಿದ್ದನ್ನು ನಾನು ಎರಡು ಕಿವಿಯಿಂದ ಕೇಳಿದೆ. ಏಳು ತಿಂಗಳು ಗಡ್ಡ ಬಿಟ್ಟುಕೊಂಡು ಅವನು ಆ ತೊಟ್ಟಿಯ ಮುಂದೆ ನಿಂತ. ಬೆಲ್ಟು ಎಷ್ಟು ಬಿಗಿಯುತ್ತಿದ್ದ ಎಂದರೆ ಕಿವಿಯ ಹಿಂದೆ ಬಾಸುಂಡೆ ಬಂದಿತ್ತು. ಅದೇ ಹೊತ್ತಿನಲ್ಲಿ ಹೊಸ ಐಡಿ ಕಾರ್ಡಿಗೆ ಎಲ್ಲರ ಫೋಟೊ ತೆಗೆದರು, ಅವನ ಫೋಟೊದಲ್ಲಿ ಕೊರಳು ಮುಚ್ಚುವ ಗಡ್ಡವಿತ್ತು. ಗಂಡುಮಗು ಹುಟ್ಟಿತು. ಹನ್ನೊಂದನೇ ದಿನ ಆ ಕಲ್ಲಿನ ಮೇಲೆ ಕೂತು, ಸುತ್ತ ನಿಂತ ಹುಡುಗರ ಶಿಳ್ಳೆಯ ನಡುವೆ ಗಡ್ಡ ತೆಗೆದ. ಒಳಗಿನಿಂದ ಮುಖ ಅರ್ಧಕ್ಕರ್ಧ ಬತ್ತಿಹೋಗಿತ್ತು. ಗಡ್ಡದ ಮರೆಯಲ್ಲಿ ನಮಗೆ ಯಾರಿಗೂ ಗೊತ್ತಾಗಿರಲಿಲ್ಲ.

ಮಗುವಿಗೆ ಎರಡು ವರ್ಷ ತುಂಬುವ ಹೊತ್ತಿಗೆ ಅವನಿಗೆ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಶ್ವಾಸಕೋಶದ ಕ್ಯಾನ್ಸರ್ ಎಂದರು. ಬೀಡಿ ಸಿಗರೇಟು ಮುಟ್ಟದವನಿಗೆ ಇದು ಕೆಲಸದಿಂದ ಬಂದ ಕಾಯಿಲೆ ಇರಬಹುದು ಎಂದು ಆಸ್ಪತ್ರೆಯ ವೈದ್ಯರೇ ಬರೆದರು. ಆ ಚೀಟಿ ಹಿಡಿದು ಅವನು ಅರ್ಜಿ ಕೊಟ್ಟ. ಪರಿಹಾರದ ಮಾತು ಅರ್ಜಿಯಲ್ಲಿತ್ತು, ನಿಜ. ಆದರೆ ಅವನು ನನಗೆ ಹೇಳಿದ್ದು ಬೇರೆ. "ತೊಟ್ಟಿಯಿಂದ ಬಂತು ಅಂತ ಒಂದ ಸಾಲು ಬರೀಲಿ ತಮ್ಮಾ. ಇಲ್ಲಾಂದ್ರ ನಾಳಿ ನನ್ನ ಮಗಗ ಯಾರಾದ್ರೂ, ನಿಮ್ಮಪ್ಪ ಏನೋ ಚಟ ಮಾಡಿ ಸತ್ತ ಅಂತಾರ."

ಸರ್ಕಾರದ ಕಡೆಯಿಂದ ಒಬ್ಬ ಅಧಿಕಾರಿ ವಿಚಾರಣೆಗೆ ಬಂದರು. ಕಾರ್ಖಾನೆಯ ಮೀಟಿಂಗ್ ರೂಮಿನಲ್ಲೇ ಕೂತರು. ಎದುರಿಗೆ ಸೇಫ್ಟಿ ಸಾರ್, ಪಕ್ಕದಲ್ಲಿ ಕಂಪನಿಯ ವಕೀಲರು. ನನ್ನನ್ನು ಕರೆದದ್ದು ಕಂಪನಿಯ ಕಡೆಯ ಸಾಕ್ಷಿಯಾಗಿ. ಎಂಟು ವರ್ಷ ಗುತ್ತಿಗೆಯಲ್ಲಿ ದುಡಿದ ಮೇಲೆ, ಪರ್ಮನೆಂಟ್ ಆಗುವವರ ಪಟ್ಟಿಯಲ್ಲಿ ಆ ತಿಂಗಳು ನನ್ನ ಹೆಸರಿತ್ತು. ಅದನ್ನು ಬೆಳಿಗ್ಗೆಯಷ್ಟೇ ಸೇಫ್ಟಿ ಸಾರ್ ನನಗೆ ನೆನಪಿಸಿದ್ದರು, ಬೆನ್ನು ತಟ್ಟಿ.

ವಕೀಲರು ಆ ರಿಜಿಸ್ಟರನ್ನು ನನ್ನ ಮುಂದೆ ತೆರೆದಿಟ್ಟರು.

"ಈ ಬರಹ ನಿಮ್ಮದಾ?"

"ಹೌದು ಸಾರ್."

"ಗಡ್ಡ ಇದ್ರೆ ಮಾಸ್ಕ್ ಕೆಲಸ ಮಾಡಲ್ಲ ಅಂತ ನಿಮಗೆ ಕಲಿಸಿದ್ದು ಯಮನೂರಪ್ಪನವರೇ ಅಲ್ವಾ?"

"ಹೌದು ಸಾರ್."

ಫೋಟೊ ಮುಂದಿಟ್ಟರು. "ಕೆಲಸದ ಮೇಲಿದ್ದಾಗ ಅವರು ಗಡ್ಡ ಬಿಟ್ಟಿದ್ರಾ?"

"ಹೌದು ಸಾರ್, ಆದ್ರೆ..."

"ಕೇಳಿದ್ದಕ್ಕೆ ಉತ್ತರ ಕೊಟ್ರೆ ಸಾಕು. ಬಿಟ್ಟಿದ್ರಾ ಇಲ್ವಾ?"

"ಬಿಟ್ಟಿದ್ರು."

"ಊರಿಗೆಲ್ಲ ಹೇಳಿಕೊಟ್ಟವರಿಗೆ ತಮಗೇ ಗೊತ್ತಿರ್ಲಿಲ್ಲ ಅನ್ನೋ ಹಾಗಿಲ್ಲವಲ್ಲ," ಎಂದು ವಕೀಲರು ಅಧಿಕಾರಿಯ ಕಡೆ ನೋಡಿ ಮುಗುಳ್ನಕ್ಕರು. ಅಧಿಕಾರಿ ಬರೆದುಕೊಂಡರು. ಸೇಫ್ಟಿ ಸಾರ್ ಲೋಟದಲ್ಲಿದ್ದ ಟೀ ಕುಡಿಯುತ್ತಿದ್ದರು, ಅವರ ಕೆನ್ನೆ ನುಣ್ಣಗಿತ್ತು. ಅಧಿಕಾರಿ "ಇನ್ನೇನಾದ್ರೂ ಹೇಳೋದಿದೆಯಾ?" ಎಂದು ನನ್ನನ್ನು ಕೇಳಿದರು. ಇದನ್ನು ನಾನು ಮುಚ್ಚಿಡುವುದಿಲ್ಲ. ಅವರು ಕೇಳಿದರು. ಮೂಗಿನ ತೂತು, ಡಬ್ಬಿಯ ಕ್ರೇಟು, ಬೆಲ್ಟ್ ಬಿಗಿಯಾಗಿ ಎಳ್ಕೊ ಅಂದದ್ದು, ಎಲ್ಲವೂ ನನ್ನ ಬಾಯಲ್ಲಿದ್ದವು. "ಇಲ್ಲ ಸಾರ್" ಅಂದೆ. ಸಹಿ ಹಾಕಿದೆ.

ಆ ಭಾನುವಾರ ಮಧ್ಯಾಹ್ನ ಅವನ ಮನೆಗೆ ಹೋದೆ. ಗೋಡೆಗೆ ದಿಂಬು ಇಟ್ಟು ಒರಗಿ ಕೂತಿದ್ದ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಮಗು ಬಾಟಲಿಯ ಮುಚ್ಚಳವನ್ನು ನೆಲದ ಮೇಲೆ ತಿರುಗಿಸುತ್ತಿತ್ತು. ಹನುಮವ್ವಕ್ಕ ನನಗೆ ಚಹಾ ಇಟ್ಟಳು. ಅವನು ನಡುನಡುವೆ ನಿಲ್ಲಿಸಿ ನಿಲ್ಲಿಸಿ ಮಾತಾಡಿದ.

"ಕರದಿದ್ರಂತಲ್ಲ. ಏನ್ ಕೇಳಿದ್ರು?"

"ಗಡ್ಡ ಬಿಟ್ಟಿದ್ರಾ ಅಂತ ಕೇಳಿದ್ರು ಅಣ್ಣ."

"ಏನಂದಿ?"

"ಹೌದು ಅಂದೆ."

"ಖರೇನ ಐತಲ್ಲ." ಎರಡು ಸಲ ಉಸಿರು ಎಳೆದುಕೊಂಡ. "ಯಾಕ ಬಿಟ್ಟಿದ್ದೆ ಅಂತ ಕೇಳಿದ್ರೇನು?"

"ಇಲ್ಲ."

"ಚಲೋ ಆತು. ಕೂಸಿನ ಮಾತು ಅಲ್ಲಿ ಬರೋದು ಬ್ಯಾಡ." ಮತ್ತೆ ಉಸಿರು. "ಡಬ್ಬಿ?"

"ಕೇಳ್ಲಿಲ್ಲ ಅಣ್ಣ."

"ಕೇಳ್ಲಿಲ್ಲ. ನೀ ಹೇಳಿದಿಯೇನು?"

ನಾನು ಚಹಾದ ಲೋಟ ನೋಡುತ್ತ ಕೂತೆ. ಅವನಿಗೆ ಉತ್ತರ ಸಿಕ್ಕಿತು. ಅವನು ಯಾವತ್ತೂ ನನ್ನ ಮೇಲೆ ಕೈ ಎತ್ತಿದವನಲ್ಲ, ಅವತ್ತೂ ಎತ್ತಲಿಲ್ಲ, ಶಕ್ತಿಯೂ ಇರಲಿಲ್ಲ. ಮುಖವನ್ನು ಗೋಡೆಯ ಕಡೆ ತಿರುಗಿಸಿದ.

"ಹೋಗು," ಅಂದ. "ಹೋಗಿ ಹೇಳಿ ಬಾ. ಹೇಳೋತನಕ ಬರಬ್ಯಾಡ."

ನಾನು ಹೋಗಲಿಲ್ಲ. ಹತ್ತು ದಿನ ಗೇಟಿನಲ್ಲಿ ಕಾರ್ಡಿಗೆ ಕತ್ತು ಎತ್ತಿ ಒಳಗೆ ಹೋದೆ, ತೊಟ್ಟಿಯ ಮುಂದೆ ನಿಂತೆ, ರೂಮಿಗೆ ಬಂದು ಮಲಗಿದೆ. ಅವನ ಬಾಗಿಲ ಮುಂದೆ ಹಾಯಬಾರದೆಂದು ಹಿಂದಿನ ಓಣಿಯಿಂದ ಓಡಾಡಿದೆ. ಹನ್ನೊಂದನೇ ದಿನ ಗುರುವಾರ, ರಜ ಹಾಕಿ ಕೂತು ನಾಲ್ಕು ಪುಟ ಬರೆದೆ. ಅದನ್ನು ಅಧಿಕಾರಿಗೆ ಮುಟ್ಟಿಸುವ ಮೊದಲೇ ಅವನು ಹೋದ, ವರದಿಯಲ್ಲಿ ಗಡ್ಡ ಮಾತ್ರ ಉಳಿಯಿತು.